ರಿಟೈರ್ ಆದ್ಮೇಲೆ ನಾಯಿ ಸಾಕೋದು ಹೇಗೆ? ಮೊದ್ಲು ಕ್ಯಾಲೆಂಡರ್ ನೋಡಿ

ಬೀಳ್ಕೊಡುಗೆ ಮುಗಿದು ಒಂದು ತಿಂಗಳಾಗೋ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಈ ಮಾತು ಬರತ್ತೆ, ಒಂದು ನಾಯಿ ತಂದ್ಕೊಂಡ್ರೆ ಹೇಗೆ ಅಂತ. ಒಳ್ಳೇ ಯೋಚನೆನೇ. ಆದ್ರೆ ನಾಯಿ ಸಾಮಾನ್ಯವಾಗಿ 12-15 ವರ್ಷ ಬದುಕತ್ತೆ, 60ಕ್ಕೆ ಮರಿ ತಂದ್ರೆ ಅದು ಮುದಿಯಾಗೋ ಹೊತ್ತಿಗೆ ನಿಮಗೂ 70 ದಾಟಿರತ್ತೆ, ಮಧ್ಯದಲ್ಲಿ ಮಗಳ ಬಾಣಂತನ ಅಂತ ಅಮೆರಿಕಕ್ಕೆ ಹೊರಟ್ರೆ ಆರು ತಿಂಗಳು ಮನೆಗೆ ಬೀಗ. ಅದಕ್ಕೇ ಮೊದಲನೇ ಕೆಲಸ ಅಂದ್ರೆ ನೀವಿಲ್ದಾಗ ಅದನ್ನ ನೋಡ್ಕೊಳ್ಳೋರು ಯಾರು ಅಂತ ಇತ್ಯರ್ಥ ಮಾಡ್ಕೊಳ್ಳೋದು. "ಅಯ್ಯೋ ನಾವಿದೀವಲ್ಲ ಬಿಡಿ" ಅನ್ನೋ ಬಾಯಿಮಾತು ನಂಬ್ಕೊಂಡು ಟಿಕೆಟ್ ಬುಕ್ ಮಾಡ್ಬೇಡಿ, ಮೊದ್ಲೇ ಎರಡು ದಿನ ಅವರ ಹತ್ರ ಬಿಟ್ಟು ನೋಡಿ. ಯಾರೂ ಇಲ್ವಾ? ಹಾಗಾದ್ರೆ ನಾಯಿ ಬೇಡ, ಸೀದಾ ಕೊನೇ ಪ್ಯಾರಾಗೆ ಹೋಗಿ.

ಎರಡನೇದು, ಯಾವ ನಾಯಿ. ಲ್ಯಾಬ್ರಡಾರ್ ಮರಿ ಮುದ್ದಾಗಿರತ್ತೆ ನಿಜ, ವರ್ಷ ತುಂಬೋದ್ರಲ್ಲಿ 30 ಕೆಜಿ ತೂಗಿ ಎಳೆದ್ರೆ ಮಂಡಿನೋವಿನೋರ ಗತಿ ಏನು? ನನ್ನ ಪ್ರಕಾರ ಮೂರ್ನಾಲ್ಕು ವರ್ಷದ, ಮರಿ ಆಗದ ಹಾಗೆ ಆಪರೇಷನ್ ಆಗಿರೋ ಇಂಡಿ ನಾಯಿಯನ್ನ, ಅಂದ್ರೆ ನಮ್ಮ ದೇಶೀ ನಾಯಿಯನ್ನ, ಶೆಲ್ಟರಿಂದ ದತ್ತು ತಗೊಳ್ಳೋದು ಬೆಸ್ಟ್. ಅದರ ಸೈಜು, ಸ್ವಭಾವ ಎರಡೂ ಕಣ್ಣೆದುರಿಗೇ ಇರತ್ತೆ, ಚಪ್ಪಲಿ ಕಚ್ಚೋ ವಯಸ್ಸೂ ದಾಟಿರತ್ತೆ. ನಾಯಿ ರಗಳೆ ಅಂತ ಗಿಳೀನೋ ನಕ್ಷತ್ರ ಆಮೇನೋ ತರೋಕೆ ಹೋಗ್ಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಳಿಯನ್ನ ಪಂಜರದಲ್ಲಿಡೋದು ಅಪರಾಧ, ಅದೃಷ್ಟ ಅಂತ ಗುಟ್ಟಾಗಿ ಮಾರೋ ಆಮೆನೂ ಅಷ್ಟೇ.

ಅಪಾರ್ಟ್‌ಮೆಂಟಲ್ಲಿದ್ರೆ ಅಸೋಸಿಯೇಷನ್‌ನೋರು ತಕರಾರು ತೆಗೀಬಹುದು. ನಾಯಿ ಸಾಕಲೇಬಾರದು ಅನ್ನೋ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಲಿದೆ. ಹಾಗಂತ ಲಿಫ್ಟ್ ಹತ್ರ ಗಲೀಜು ಮಾಡಿಸಿ ಕಾನೂನು ಮಾತಾಡಿದ್ರೆ ಯಾರು ಕೇಳ್ತಾರೆ, ಎತ್ತೋಕೆ ಕವರ್ ಜೇಬಲ್ಲಿರ್ಲಿ.

ಮನೆಗೆ ಬಂದ ವಾರದಲ್ಲೇ ವೆಟ್ (ಪಶುವೈದ್ಯರು) ಹತ್ರ ಕರ್ಕೊಂಡು ಹೋಗಿ. ರೇಬೀಸ್ ಇಂಜೆಕ್ಷನ್ ಡೇಟು, ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ಎಲ್ಲಾ ನಿಮ್ಮ ಬಿಪಿ ಫೈಲ್ ಪಕ್ಕದಲ್ಲೇ ಇನ್ನೊಂದು ಫೈಲ್ ಮಾಡಿಡಿ. ನಮ್ಮ ಕಡೆ ನಾಯಿಗಳನ್ನ ಜಾಸ್ತಿ ಕಾಡೋದು ಟಿಕ್ ಫೀವರ್, ಅಂದ್ರೆ ರಕ್ತ ಹೀರೋ ಉಣ್ಣೆ ಹುಳ ಕಚ್ಚಿ ಬರೋ ಜ್ವರ. ದಿನಾ ಸಂಜೆ ಕನ್ನಡಕ ಹಾಕ್ಕೊಂಡು ಕೂತು ಕಿವಿ ಒಳಗೆ, ಬೆರಳ ಸಂದಿ, ಕಾಲರ್ ಕೆಳಗೆ ಬೆರಳಾಡಿಸಿ, ಹೆಸರುಕಾಳಿನ ಹಾಗೆ ಗಟ್ಟಿಯಾಗಿ ಏನಾದ್ರೂ ಸಿಕ್ರೆ ಅದು ಉಣ್ಣೆ. ಬೆರಳಲ್ಲಿ ಹಿಚುಕಬೇಡಿ, ಚಿಮಟದಲ್ಲಿ ಚರ್ಮದ ಬುಡಕ್ಕೇ ಹಿಡಿದು ನೇರವಾಗಿ ಎಳೆದು ಸ್ಪಿರಿಟ್‌ಗೆ ಹಾಕಿ. ನಾಯಿ ಊಟ ಬಿಟ್ಟು ಮೂಲೇಲಿ ಮಲಗಿ, ತುಟಿ ಎತ್ತಿ ನೋಡಿದ್ರೆ ಒಸಡು ಬಿಳುಚಿದ್ರೆ ನಾಳೆ ನೋಡೋಣ ಅನ್ನದೆ ಅವತ್ತೇ ಹೋಗಿ.

ಊಟದ ವಿಷಯ. ಬರೀ ಮೊಸರನ್ನ ಹಾಕಿ ಸಾಕಿದೀವಿ ಅಂತ ಹೆಮ್ಮೆ ಪಡೋರಿದಾರೆ, ಅದ್ರಲ್ಲಿ ನಾಯಿಗೆ ಬೇಕಾದಷ್ಟು ಪ್ರೋಟೀನ್ ಸಿಗಲ್ಲ. ಮನೇಲಿ ಮೊಟ್ಟೆ ಮಾಂಸ ಬರೋ ಹಾಗಿಲ್ಲ ಅಂದ್ರೆ ನಾಯಿಗೆ ಸಸ್ಯಾಹಾರದ ರೆಡಿಮೇಡ್ ಫುಡ್ ಇದೆ, ವೆಟ್ ಕೇಳಿ ಶುರು ಮಾಡಿ. ಬೆಕ್ಕಿಗೆ ಮಾತ್ರ ಇದು ನಡಿಯಲ್ಲ, ಮಾಂಸದಲ್ಲಿರೋ ಟಾರಿನ್ ಅನ್ನೋ ಪೋಷಕಾಂಶ ಇಲ್ದಿದ್ರೆ ಅದರ ಕಣ್ಣು, ಹೃದಯ ಕೆಡತ್ತೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕ್ಲೇಟ್ ನಾಯಿಗೆ ವಿಷ, ಅಂದ್ರೆ ಮಿಕ್ಕಿದ ಸಾಂಬಾರೂ ಬೇಡ, ಪ್ರಸಾದದ ಕೇಸರಿಬಾತೂ ಬೇಡ.

ವಾಕಿಂಗ್ ಹೊರಡುವಾಗ ಹಗ್ಗ ಮಣಿಕಟ್ಟಿಗೆ ಸುತ್ಕೋಬೇಡಿ, ಬೆಕ್ಕು ಕಂಡು ಅದು ನೆಗೆದ್ರೆ ಬೀಳೋದು ನೀವು, ಈ ವಯಸ್ಸಲ್ಲಿ ಮೂಳೆ ಮುರಿದ್ರೆ ಕೂಡೋದು ಕಷ್ಟ. ಕುತ್ತಿಗೆ ಬೆಲ್ಟಿಗಿಂತ ಎದೆಗೆ ಹಾಕೋ ಹಾರ್ನೆಸ್ ಮೇಲು. ಏಪ್ರಿಲಲ್ಲಿ ಟಾರ್ ರೋಡಿಗೆ ಅಂಗೈ ಹಿಂಭಾಗ ಇಟ್ಟು ಏಳು ಸೆಕೆಂಡ್ ತಡ್ಕೊಳ್ಳೋಕೆ ಆಗದಿದ್ರೆ ಅದರ ಪಾದವೂ ತಡ್ಕೊಳ್ಳಲ್ಲ, ಬೆಳಗ್ಗೆ ಬೇಗ ಮುಗಿಸಿ.

ಇನ್ನು ನಾಯಿ ಸಾಧ್ಯವಿಲ್ಲದೋರಿಗೆ ಹಕ್ಕಿ ನೋಡೋದು ಇದೆಯಲ್ಲ, ಬಾಣಂತನಕ್ಕೆ ಹೋದ್ರೆ ಅಲ್ಲೂ ನೋಡಬಹುದು! 8x42 ಬೈನಾಕ್ಯುಲರ್ (8 ಪಟ್ಟು ದೊಡ್ಡದಾಗಿ ತೋರಿಸೋ, 42 ಮಿ.ಮೀ. ಲೆನ್ಸಿನದು) ಸಾಕು, ಪವರ್ ಜಾಸ್ತಿ ಇದ್ದಷ್ಟೂ ಕೈ ನಡುಕನೂ ಜಾಸ್ತಿ ಕಾಣತ್ತೆ. ಮೈಸೂರಿನೋರಿಗೆ ಕುಕ್ಕರಹಳ್ಳಿ ಕೆರೆ, ಬೆಂಗಳೂರಿನೋರಿಗೆ ಲಾಲ್‌ಬಾಗ್, ಬೇಸಿಗೆ ಜೋರಾಗೋ ಮುಂಚೆ ಒಂದ್ಸಲ ಕೊಕ್ಕರೆ ಬೆಳ್ಳೂರಿಗೆ ಹೋದ್ರೆ ಹೆಜ್ಜಾರ್ಲೆ (ಪೆಲಿಕನ್), ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿರೋದು ಸಿಗತ್ತೆ. ಮೆರ್ಲಿನ್ ಅನ್ನೋ ಫ್ರೀ ಆ್ಯಪ್ ಕೂಗು ಕೇಳಿಸ್ಕೊಂಡು ಹೆಸರು ಹೇಳತ್ತೆ, ಆದ್ರೆ ಬೇರೆ ಹಕ್ಕಿ ಕೂಗನ್ನ ಅನುಕರಣೆ ಮಾಡೋ ಕಾಜಾಣದಂಥವು ಅದನ್ನ ಆರಾಮಾಗಿ ಯಾಮಾರಿಸ್ತವೆ, ಕಣ್ಣಲ್ಲಿ ನೋಡೋವರೆಗೂ ಪಟ್ಟೀಲಿ ಬರ್ಕೋಬೇಡಿ.