ಪಂಪು, ನೀರಿನ ಬಾಟಲಿ, ಒಂದು ನೋಟ್‌ಬುಕ್

ಈ ಸಲ ಕಬ್ಬಿನ ಹಂಗಾಮು ಮುಗಿಯಿತು. ಒಂದು ರಾತ್ರಿಯೂ ಮಗನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಲಿಲ್ಲ. ಮಹಾಲಿಂಗಪುರದ ಕಡೆಯ ನಮ್ಮ ಓಣಿಯಲ್ಲಿ ಯಾರೂ ಇದನ್ನು ನಂಬಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೂ ದಮ್ಮು (ಅಸ್ತಮಾ), ಒಂಬತ್ತು ವರ್ಷದ ಮಗನಿಗೂ ದಮ್ಮು. ಮನೆ ಸುತ್ತ ಕಬ್ಬು, ಕೂಗಳತೆಯಲ್ಲಿ ಬೆಲ್ಲದ ಗಾಣ. ದೀಪಾವಳಿ ಆದಮೇಲೆ ಕಟಾವು, ಅದರ ಬೆನ್ನಿಗೇ ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ.

ಮೊದಲು ದುಡ್ಡು ಕಳಕೊಂಡ ಕತೆ. ಎರಡು ವರ್ಷ ಮೃಗಶಿರಾ ಮಳೆಗೆ ಹೈದರಾಬಾದಿಗೆ ಮೀನಿನ ಮದ್ದಿಗೆ ಹೋದೆವು. ನಾವು ಮೀನು ತಿನ್ನೋರಲ್ಲ, ಬೆಲ್ಲದಲ್ಲಿ ಕೊಟ್ಟರು. ಬೆಲ್ಲದ ಊರಿನವರು ಬೆಲ್ಲ ನುಂಗೋಕೆ ಅಷ್ಟು ದೂರ! ಮದ್ದು ಪುಕ್ಕಟೆ, ಆದರೆ ಓಡಾಟಕ್ಕೇ ಹನ್ನೆರಡು ಸಾವಿರ ಹೋಗಿರಬೇಕು. ದಮ್ಮು ಮಾತ್ರ ಹೋಗಲಿಲ್ಲ.

ಬಾಯಿಂದ ಮದ್ದು ಎಳೆಯೋ ಪಂಪು (ಇನ್ಹೇಲರ್) ಬಂದಮೇಲೆ ತಪ್ಪು ನನ್ನದೇ. ನೀಲಿ ಪಂಪು ಎಳೆದರೆ ಐದು ನಿಮಿಷಕ್ಕೆ ಎದೆ ಹಗುರ. ದಿನಾ ಎಳೆಯೋ ಸ್ಟೀರಾಯ್ಡ್ ಪಂಪಿನಿಂದ ಆ ಕ್ಷಣಕ್ಕೆ ಏನೂ ಗೊತ್ತಾಗೋದಿಲ್ಲ. ಮಗ ಆರಾಮಾದ ವಾರವೇ ಅದನ್ನು ಬಿಡಿಸುತ್ತಿದ್ದೆ. ಅವ್ವ ಬೇರೆ, “ಕೂಸಿಗೆ ಪಂಪಿನ ಚಟಾ ಹಚ್ಚಬ್ಯಾಡೋ ತಮ್ಮಾ” ಅಂತ ದಿನಾ ರಾಗ. ಮೂರು ಸಲ ಬಿಡಿಸಿದೆ, ಮೂರು ಸಲವೂ ಆಕ್ಸಿಜನ್ ಹಚ್ಚಬೇಕಾಯಿತು. ಕೊನೇ ಬಿಲ್ಲು ಹದಿನೆಂಟು ಸಾವಿರ ಚಿಲ್ಲರೆ. ಅಷ್ಟರಲ್ಲಿ ಮೂರ್ನಾಲ್ಕು ವರ್ಷದ ಪಂಪು ಬರ್ತಿತ್ತು.

ಈಗ ಸ್ಟೀರಾಯ್ಡ್ ಪಂಪು ಬ್ರಷ್ಷಿನ ಪಕ್ಕದಲ್ಲೇ ಇರುತ್ತೆ. ಮೊದಲು ಪಂಪು, ಆಮೇಲೆ ಹಲ್ಲು. ಬಾಯಿ ಮುಕ್ಕಳಿಸೋದು ತಾನಾಗೇ ಆಗುತ್ತೆ. ಆರುನೂರು ರೂಪಾಯಿ ಆಸುಪಾಸಿನಲ್ಲಿ ಪೀಕ್ ಫ್ಲೋ ಮೀಟರ್ ತಂದೆ, ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತೆ ಅಂತ ಅಳೆಯೋ ಕೊಳವೆ. ಮೂರು ಸಲ ಊದಿ, ಜಾಸ್ತಿ ಬಂದದ್ದನ್ನು ಬರೆಯೋದು. ಆರಾಮಿದ್ದಾಗ ಮಗನದು 250. ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಡಾಕ್ಟರೇ ಬರೆದುಕೊಟ್ಟಿದ್ದಾರೆ: 200ಕ್ಕಿಂತ ಇಳಿದರೆ ಏನು ಮಾಡಬೇಕು, 125ಕ್ಕಿಂತ ಇಳಿದರೆ ನೀಲಿ ಪಂಪು ಎಳೆಸುತ್ತಲೇ ಸೀದಾ ಆಸ್ಪತ್ರೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ 190 ಬಂತು. ಹುಡುಗ ಅಂಗಳದಲ್ಲಿ ಗೋಲಿ ಆಡುತ್ತಿದ್ದ, ಒಂದು ಕೆಮ್ಮೂ ಇಲ್ಲ. ಹಿಂದಿನ ದಿನ ಪಕ್ಕದ ಹೊಲದಲ್ಲಿ ರವದಿ ಸುಟ್ಟಿದ್ದರು. ಹಾಳೆಯಲ್ಲಿ ಇದ್ದಂತೆ ಮಾಡಿದೆ, ನಾಲ್ಕನೇ ದಿನ ಮತ್ತೆ 240.

ನಡುವೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಹಚ್ಚೋ ಪ್ಲಾಸ್ಟಿಕ್ ಕೊಳವೆ, ಅವ್ವನ ಕಾಲಡಿ ಸಿಕ್ಕಿ ಒಡೆಯಿತು. ಅರ್ಧ ಲೀಟರ್ ನೀರಿನ ಬಾಟಲಿ ತಗೊಂಡು, ತಳದಲ್ಲಿ ಪಂಪಿನ ಬಾಯಿಯಷ್ಟೇ ತೂತು ಕೊರೆದು, ಸಂದಿಗೆ ಟೇಪು ಸುತ್ತಿದೆ. ಸೋಪಿನ ನೀರಲ್ಲಿ ತೊಳೆದು ಒರೆಸದೇ ಒಣಗಿಸಬೇಕು, ಇಲ್ಲಾಂದ್ರೆ ಮದ್ದು ಪ್ಲಾಸ್ಟಿಕ್ಕಿಗೇ ಅಂಟುತ್ತೆ. ಹೊಸದು ಬರೋವರೆಗೆ ಚೆನ್ನಾಗೇ ನಡೆಯಿತು. ಪಂಪಿನೊಳಗಿನ ಡಬ್ಬಿಯಲ್ಲಿ ಮದ್ದು ಎಷ್ಟು ಉಳಿದಿದೆ ಅಂತ ನೀರಲ್ಲಿ ತೇಲಿಸಿಯೂ ನೋಡಿದೆ. ಶುದ್ಧ ದಂಡ, ಒಂದು ರಾತ್ರಿ ಮದ್ದಿಲ್ಲದೆ ಬರೀ ಗ್ಯಾಸ್ ಬಂತು. ಈಗ ಲೆಕ್ಕ: 200 ಪಫ್, ದಿನಕ್ಕೆ ನಾಲ್ಕು, ಐವತ್ತು ದಿನ. ಮುಗಿಯುವ ತಾರೀಖನ್ನು ಡಬ್ಬಿ ಮೇಲೇ ಬರೆದಿಡುತ್ತೇನೆ.

ರವದಿ ನಾವಂತೂ ಸುಡಲ್ಲ, ಪುಡಿ ಮಾಡಿ ಹೊಲಕ್ಕೇ ಬಿಡ್ತೀವಿ. ಜನವರಿಯಿಂದ ಪಕ್ಕದ ಹೊಲದವರೂ ಸುಟ್ಟಿಲ್ಲ. ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ರಾನೇ ಇರಲಿ. ಖರ್ಚಾಗಿದ್ದು ಎರಡು ಕಪ್ ಚಹಾ ಅಷ್ಟೇ.