ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ, ನಿಧಾನಕ್ಕೆ ಓಡಿ

ತುಮಕೂರಿನ ಅಮಾನಿಕೆರೆ ಹತ್ತಿರ ನಾನು ಮೊದಲ ಸಲ ಓಡಿದ್ದು ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ. ಆರೂವರೆ ಇರಬೇಕು. ನೀರಿನ ಮೇಲೆ ಮಂಜು ಇನ್ನೂ ಕೂತೇ ಇತ್ತು. ಒಂದು ನಿಮಿಷ ಓಡಿದ್ದೆನೋ ಇಲ್ಲವೋ, ಗಂಟಲೆಲ್ಲಾ ಒಣಗಿ, ಎದೆ ಬಡಿತ ಕಿವಿಯಲ್ಲೇ ಕೇಳಿಸತೊಡಗಿ, ಕಣ್ಣಿಗೆ ಕತ್ತಲೆ ಬಂದ ಹಾಗಾಗಿ, ಪಕ್ಕದ ಕಲ್ಲುಬೆಂಚು ಹಿಡಿದುಕೊಂಡು ನಿಂತೆ. ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಮಾಡುತ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದು ಕೇಳಿದರು: "ಯಾಕವ್ವಾ ಹಂಗೋಡ್ತೀಯ? ಯಾರಾನ ಅಟ್ಟುಸ್ಕಂಡ್ ಬತ್ತಾವ್ರಾ? ನಿಧಾನುಕ್ಕೋಡವ್ವ."

ಯಾರೂ ಬರುತ್ತಿರಲಿಲ್ಲ. ಆದರೆ ಅದಕ್ಕೆ ಹಿಂದಿನ ಎರಡು ವರ್ಷ ನಾನು ಬದುಕಿದ್ದು ಹಾಗೇ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನುವ ಹಾಗೆ. ಮಧ್ಯರಾತ್ರಿ ಎಚ್ಚರವಾಗುತ್ತಿತ್ತು, ಎದೆ ಢವಢವ. ಆಫೀಸಿನಲ್ಲಿ ಫೋನ್ ರಿಂಗಾದರೆ ಕೈ ಬೆವರುತ್ತಿತ್ತು. ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ಮತ್ತೆ ಮಾಡಿಸಿದೆ, ಆಗಲೂ ನಾರ್ಮಲ್. "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂದು ಕಳಿಸಿದರು. ಟೆನ್ಷನ್ ಮಾಡಿಕೊಳ್ಳದೇ ಇರುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಿಮಗೂ ಹೀಗೇ ಆಗುತ್ತಿದ್ದರೆ, ಓಟ ಒಂದು ಕೈ ನೋಡೋಣ ಅನ್ನಿಸಿದ್ದರೆ, ಈ ಲೇಖನ ನಿಮಗೆ.

ಓಡುವುದಕ್ಕೂ ಆತಂಕಕ್ಕೂ ಏನು ಸಂಬಂಧ?

ಗಾಬರಿಯಾದಾಗ ಮೈಯಲ್ಲಿ ಏನೇನು ಆಗುತ್ತದೆ ನೆನಪು ಮಾಡಿಕೊಳ್ಳಿ. ಎದೆ ಬಡಿತ ಜೋರು, ಉಸಿರು ಗಿಡ್ಡ, ಬೆವರು, ಕಾಲಲ್ಲಿ ನಡುಕ. ಈಗ ಓಡುವಾಗ ಆಗುವುದನ್ನು ನೋಡಿ. ಅದೇ ಪಟ್ಟಿ, ಅಲ್ವಾ? ಆತಂಕ ಇರುವವರಿಗೆ ಎದೆ ಬಡಿತವೇ ಒಂದು ಭಯ. ಬಡಿತ ಜೋರಾದರೆ ಹೆದರಿಕೆ, ಹೆದರಿಕೆಯಿಂದ ಬಡಿತ ಇನ್ನೂ ಜೋರು. ಓಟದಲ್ಲಿ ಬಡಿತವನ್ನು ಏರಿಸುವವರು ನೀವೇ, ನಿಮಗೆ ಬೇಕಾದಾಗ. ನಿಲ್ಲಿಸಿದರೆ ಅದು ತಾನಾಗಿ ಇಳಿಯುತ್ತದೆ. ಏರುವುದು, ಇಳಿಯುವುದು, ಏನೂ ಆಗದೇ ಇರುವುದು. ಇದನ್ನು ಹತ್ತಿಪ್ಪತ್ತು ಸಲ ಕಂಡ ಮೇಲೆ ಮೈಗೆ ನಂಬಿಕೆ ಬರುತ್ತದೆ. ಮನಶ್ಶಾಸ್ತ್ರದ ಚಿಕಿತ್ಸೆಯಲ್ಲೂ ಇದೇ ದಾರಿಯ ಒಂದು ವಿಧಾನ ಇದೆ. ಹೆದರಿಸುವ ಆ ಅನುಭವವನ್ನೇ ಸುರಕ್ಷಿತವಾದ ಜಾಗದಲ್ಲಿ, ಸ್ವಲ್ಪ ಸ್ವಲ್ಪವಾಗಿ ಬೇಕೆಂದೇ ತರಿಸಿಕೊಂಡು ಅಭ್ಯಾಸ ಮಾಡಿಕೊಳ್ಳುವುದು.

ಓಡಿದ ಮೇಲೆ ಮನಸ್ಸು ಹಗುರಾಗುವುದಕ್ಕೆ ಎಂಡಾರ್ಫಿನ್ ಅನ್ನುವ ರಾಸಾಯನಿಕ ಕಾರಣ ಅಂತ ಬಹಳ ಜನ ಹೇಳುತ್ತಾರೆ. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳಿನೊಳಗೆ ಸುಲಭವಾಗಿ ದಾಟುವುದಿಲ್ಲ. ದೇಹವೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್ ಅನ್ನುವ ರಾಸಾಯನಿಕಗಳ ಪಾತ್ರ ಜಾಸ್ತಿ ಅಂತ ಈಗಿನ ವಿಜ್ಞಾನಿಗಳ ಅಭಿಪ್ರಾಯ. 2015ರಲ್ಲಿ ಜರ್ಮನಿಯಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಓಟದಿಂದ ಇಲಿಗಳ ಆತಂಕ ಕಡಿಮೆಯಾಗುವುದರ ಹಿಂದೆ ಇವು ಇರುವುದು ಕಂಡುಬಂತು.

ಬೂಟು ಕಟ್ಟುವ ಮೊದಲು

ಮೊದಲು ಒಂದು ಸಲ ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಬಿಪಿ, ಶುಗರ್, ಹಿಮೋಗ್ಲೋಬಿನ್, ಥೈರಾಯ್ಡ್, ಇಷ್ಟು ನೋಡಿಸಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಜಾಸ್ತಿಯಾಗಿದ್ದರೂ ಎದೆ ಢವಢವ ಅನ್ನುತ್ತದೆ, ನಾವು ಅದನ್ನು ಸುಮ್ನೆ ಟೆನ್ಷನ್ ಅಂದುಕೊಂಡಿರುತ್ತೇವೆ. ಆತಂಕಕ್ಕೆ ಮಾತ್ರೆ ತಗೊಳ್ಳುತ್ತಿದ್ದರೆ ಓಡಲು ಶುರು ಮಾಡುವ ವಿಷಯ ಹೇಳಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಪ್ರೊಪ್ರನೊಲೋಲ್‌ನಂಥ ಕೆಲವು ಮಾತ್ರೆ ಹೃದಯ ಬಡಿತವನ್ನೇ ತಗ್ಗಿಸುತ್ತವೆ. ಆಗ ಓಡಿದರೂ ಬಡಿತ ಅಷ್ಟಾಗಿ ಏರುವುದಿಲ್ಲ, ಬೇಗ ಸುಸ್ತಾಗಬಹುದು.

ಶೂ ಮಾತ್ರ ಸರಿಯಾದದ್ದು ಬೇಕು. ಸಂಜೆ ಹೊತ್ತು ಹೋಗಿ ತಗೊಳ್ಳಿ, ದಿನವೆಲ್ಲಾ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ. ಸಾಕ್ಸ್ ಹಾಕಿಕೊಂಡೇ ನೋಡಿ. ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ, ಹಿಮ್ಮಡಿ ಕಳಚಬಾರದು. ಬ್ರ್ಯಾಂಡ್ ತಲೆಗೆ ಹಚ್ಚಿಕೊಳ್ಳಬೇಡಿ. ಹೆಂಗಸರಿಗೆ ಒಂದು ಮಾತು ನೇರವಾಗಿ ಹೇಳುತ್ತೇನೆ: ಸ್ಪೋರ್ಟ್ಸ್ ಬ್ರಾಗೆ ಖರ್ಚು ಮಾಡಿ, ಶೂ ಅಷ್ಟೇ ಮುಖ್ಯ ಅದು. ಮೇಲೆ ಚೂಡಿದಾರ್ ಇದ್ದರೂ ಪರವಾಗಿಲ್ಲ. ನಾನು ಮೊದಲ ತಿಂಗಳು ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡೇ ಓಡಿದ್ದು.

ಸ್ಮಾರ್ಟ್ ವಾಚ್ ಇದ್ದರೆ ಮೊದಲ ತಿಂಗಳು ಮನೆಯಲ್ಲೇ ಬಿಡಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮಂಥವರು ಬಡಿತದ ಅಂಕಿ ನೋಡುತ್ತಾ ಓಡಿದರೆ, 150 ಕಂಡ ಕೂಡಲೇ ಗಾಬರಿಯಾಗಿ ಅದು 165 ಆಗುತ್ತದೆ.

ಜಾಗ ಯಾವುದು?

ಸುತ್ತು ಹೊಡೆಯುವ ಜಾಗ ಒಳ್ಳೆಯದು, ಯಾಕೆಂದರೆ ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಮನೆಯಿಂದ ದೂರ ಬಂದುಬಿಟ್ಟೆ ಅನ್ನುವ ಭಯ ಇರುವುದಿಲ್ಲ. ಅಮಾನಿಕೆರೆ ದಾರಿ ಇದೆ, ಮಹಾತ್ಮ ಗಾಂಧಿ ಕ್ರೀಡಾಂಗಣ ಇದೆ. ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಒಳಗಿನ ಒಂದು ಸುತ್ತು ಅಂದರೆ 400 ಮೀಟರ್, ಲೆಕ್ಕ ಸುಲಭ. ಆದರೆ ಅಲ್ಲಿ ಜೋರಾಗಿ ಓಡುವ ಹುಡುಗರು ಪಕ್ಕದಲ್ಲೇ ಹಾದು ಹೋಗುತ್ತಿರುತ್ತಾರೆ, ಅವರನ್ನು ನೋಡಿ ನಾವೂ ವೇಗ ಹೆಚ್ಚಿಸುತ್ತೇವೆ. ಹೊಸಬರಿಗೆ ನನ್ನ ಓಟು ಕೆರೆಗೇ. ಬಿ.ಎಚ್. ರಸ್ತೆ ಪಕ್ಕ ಬೇಡವೇ ಬೇಡ, ಲಾರಿ ಹಾರನ್‌ಗೆ ಎದೆ ಝಲ್ಲೆನ್ನುತ್ತದೆ.

ಬೆಳಗ್ಗೆ ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯೊಳಗೆ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಏರುತ್ತದೆ. ಎದ್ದ ತಕ್ಷಣ ತಳಮಳ ಜಾಸ್ತಿ ಅನ್ನುವವರಿಗೆ ಆ ಹೊತ್ತಲ್ಲಿ ಹಾಸಿಗೆಯಲ್ಲಿ ಹೊರಳಾಡುವುದಕ್ಕಿಂತ ಹೊರಗೆ ಹೋಗುವುದೇ ವಾಸಿ. ಆದರೆ ಕತ್ತಲೆ ಇರುವಾಗ ಬೇಡ. ನಾಲ್ಕು ಜನ ಓಡಾಡುವ ಹೊತ್ತಿಗೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಸ್ಟ್ರಾಂಗ್ ಕಾಫಿ ಕುಡಿದು ಓಡಬೇಡಿ, ಕಾಫಿಯೂ ಬಡಿತ ಏರಿಸುತ್ತದೆ, ಯಾವುದು ಕಾಫಿಯದು ಯಾವುದು ಓಟದ್ದು ಅಂತ ತಿಳಿಯದೆ ಹೆದರಿಕೊಳ್ಳುತ್ತೀರಿ. ಅರ್ಧ ಬಾಳೆಹಣ್ಣು, ಒಂದು ಲೋಟ ನೀರು ಸಾಕು.

ನಾಯಿಗಳು ಬರುತ್ತವೆ. ಬಂದರೆ ಓಟ ನಿಲ್ಲಿಸಿ, ತಿರುಗಿ ಓಡಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಮೆಲ್ಲಗೆ ನಡೆದು ದಾಟಿ.

ಮೊದಲ ದಿನ ಏನು ಮಾಡಬೇಕು

ಐದು ನಿಮಿಷ ಚುರುಕಾಗಿ ನಡೆಯಿರಿ. ಆಮೇಲೆ 30 ಸೆಕೆಂಡು ಓಡಿ. ಸೆಕೆಂಡುಗಳೇ, ನಿಮಿಷ ಅಲ್ಲ. ನಂತರ ಎರಡು ನಿಮಿಷ ನಡೆಯಿರಿ. ಹೀಗೆ ಆರು ಸಲ. ಕೊನೆಗೆ ಮತ್ತೆ ಐದು ನಿಮಿಷ ನಡಿಗೆ. ಒಟ್ಟು 25 ನಿಮಿಷ, ಅದರಲ್ಲಿ ಓಡಿದ್ದು ಮೂರೇ ನಿಮಿಷ. ಇಷ್ಟೇನಾ ಅನ್ನಿಸಬೇಕು. ಇನ್ನೂ ಸ್ವಲ್ಪ ಓಡಬಹುದಿತ್ತು ಅನ್ನಿಸುವಾಗಲೇ ಮನೆಗೆ ಹೋಗಿ, ನಾಳಿದ್ದು ಬರುವ ಮನಸ್ಸಾಗುವುದು ಅದರಿಂದಲೇ.

ವೇಗದ ಲೆಕ್ಕ ಹೀಗೆ: ಓಡುವಾಗ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. "ಸಂಜೆ ಬರುವಾಗ ಸೊಪ್ಪು ತರಬೇಕು" ಅಂತ ಬಾಯಿ ಬಿಟ್ಟು ಹೇಳಿ ನೋಡಿ. ಮಧ್ಯದಲ್ಲಿ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಪಕ್ಕದಲ್ಲಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ಹೋಗಲಿ. ಓಡುವುದೆಂದರೆ ನನಗೆ ಆಗಲ್ಲ ಅನ್ನುವ ಬಹಳಷ್ಟು ಜನ ಒಂದೇ ತಪ್ಪು ಮಾಡಿರುತ್ತಾರೆ. ಸ್ಕೂಲ್ ಸ್ಪೋರ್ಟ್ಸ್ ಡೇಯಲ್ಲಿ 100 ಮೀಟರ್ ಓಡಿದ ವೇಗದಲ್ಲೇ ಈಗಲೂ ಶುರು ಮಾಡಿರುತ್ತಾರೆ. ನಾನೂ ಆ ಡಿಸೆಂಬರ್ ಬೆಳಗ್ಗೆ ಮಾಡಿದ್ದು ಅದನ್ನೇ, ಅಜ್ಜ ಹೇಳಿದ್ದು ಅದಕ್ಕೇ.

ಹೆಜ್ಜೆ ಸಣ್ಣದಿರಲಿ. ಪಾದ ನಿಮ್ಮ ಮೈಯ ಕೆಳಗೇ ಬೀಳಲಿ, ದೂರ ಚಾಚಬೇಡಿ, ಮಂಡಿಗೆ ಪೆಟ್ಟು ಕಡಿಮೆ. ಭುಜ ಕಿವಿಯ ಹತ್ತಿರ ಏರಿದೆಯಾ ನೋಡಿಕೊಳ್ಳಿ, ಆತಂಕ ಇರುವವರ ಭುಜ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಇಳಿಸಿ. ಮುಷ್ಟಿ ಬಿಗಿಯಬೇಡಿ, ಅಂಗೈಯಲ್ಲಿ ಕೋಳಿಮರಿ ಹಿಡಿದಿದ್ದೀರಿ ಅಂದುಕೊಳ್ಳಿ. ಉಸಿರು ಮೂಗಿನಿಂದಲೋ ಬಾಯಿಂದಲೋ ಅನ್ನುವ ಚಿಂತೆ ಬೇಡ, ಎರಡರಿಂದಲೂ ಬರಲಿ. ಬಿಡುವ ಉಸಿರು ಮಾತ್ರ ಸ್ವಲ್ಪ ಉದ್ದ ಇರಲಿ. ಮೂರು ಹೆಜ್ಜೆಗೆ ಎಳೆದುಕೊಂಡರೆ ನಾಲ್ಕು ಹೆಜ್ಜೆಗೆ ಬಿಡಿ.

ತಟ್ಟನೆ ನಿಲ್ಲಬೇಡಿ. ಓಡುವಾಗ ಕಾಲಿನ ಕಡೆ ರಕ್ತ ಜಾಸ್ತಿ ಹರಿದಿರುತ್ತದೆ. ನೀವು ಒಮ್ಮೆಲೇ ನಿಂತರೆ ಆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಬೇರೆಯವರಿಗೆ ಅದು ಒಂದು ಕ್ಷಣದ ಮಾತು. ನಮಗೆ ಹಾಗಲ್ಲ, ತಲೆ ಸುತ್ತಿತು ಅಂದರೆ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಕೊನೆಯ ಐದು ನಿಮಿಷದ ನಡಿಗೆ ಬಿಡಲೇಬೇಡಿ.

ಬೆಂಚಿನ ಮೇಲೆ ಎರಡು ನಿಮಿಷ

ಇದು ಓಟಕ್ಕಿಂತ ಮುಖ್ಯ ಅಂತ ನನ್ನ ಅನಿಸಿಕೆ. ನಡಿಗೆ ಮುಗಿದ ಮೇಲೆ ಕೂತುಕೊಳ್ಳಿ. ಅಂಗೈಯನ್ನು ಎದೆ ಮೇಲೆ ಇಡಿ. ಬಡಿತ ಇನ್ನೂ ಜೋರಾಗೇ ಇರುತ್ತದೆ. ಏನೂ ಮಾಡಬೇಡಿ, ಸುಮ್ನೆ ಕಾಯಿರಿ. ಮೊದಲು ಬಟ್ಟೆ ಮೇಲೂ ಬಡಿತ ಗೊತ್ತಾಗುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಕೈ ಒತ್ತಿ ಹಿಡಿದರೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಹುಡುಕಬೇಕಾಗುತ್ತದೆ. ಎದುರಿಗೆ ಕೆರೆಯಲ್ಲಿ ನೀರುಕಾಗೆ ಮುಳುಗಿ ಎಲ್ಲೋ ದೂರದಲ್ಲಿ ಏಳುತ್ತದೆ, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡು ಕೂರುತ್ತದೆ. ನಾನು ಅದು ಮುಳುಗಿದಾಗ ಎಣಿಸಲು ಶುರು ಮಾಡುತ್ತೇನೆ. ಅದು ಏಳುವ ಹೊತ್ತಿಗೆ ಎಷ್ಟೋ ಸಲ ಎದೆಯನ್ನು ಮರೆತಿರುತ್ತೇನೆ.

ಮೂರನೇ ವಾರವೋ ನಾಲ್ಕನೇ ವಾರವೋ, ರಾತ್ರಿ ಎರಡು ಗಂಟೆಗೆ ಮತ್ತೆ ಎದೆ ಹೊಡೆದುಕೊಂಡು ಎಚ್ಚರವಾಯಿತು. ಎದ್ದು ಕೂತೆ. ಕೈ ತಾನಾಗಿ ಎದೆಗೆ ಹೋಯಿತು, ಬೆಂಚಿನ ಮೇಲೆ ಕೂತ ಹಾಗೇ. ಇದು ಇಳಿಯುವ ರೀತಿ ನನಗೆ ಗೊತ್ತಿತ್ತು. ಇಳಿಯಿತು. ಅಂದು ಆಸ್ಪತ್ರೆಗೆ ಹೋಗೋಣ ಅಂತ ಮನೆಯವರನ್ನು ಎಬ್ಬಿಸಲಿಲ್ಲ.

ಮುಂದಿನ ವಾರಗಳು

ವಾರಕ್ಕೆ ಮೂರೇ ದಿನ ಓಡಿ, ಮಧ್ಯೆ ಒಂದೊಂದು ದಿನ ಬಿಡುವು ಇರಲಿ. ಎರಡನೇ ವಾರ 45 ಸೆಕೆಂಡು ಓಟ, ಮೂರನೇ ವಾರ ಒಂದು ನಿಮಿಷ, ಹೀಗೆ ಏರಿಸಿ. ಕಷ್ಟ ಅನ್ನಿಸಿದರೆ ಅದೇ ವಾರವನ್ನು ಇನ್ನೊಮ್ಮೆ ಮಾಡಿ. ಒಂದು ನಿಮಿಷ ಆರಾಮಾಗಿ ಓಡಲು ಬಂದ ಮೇಲೆ "ಕೌಚ್ ಟು 5ಕೆ" (ಸೋಫಾದಿಂದ ಎದ್ದು 5 ಕಿ.ಮೀ. ಓಟದವರೆಗೆ) ಅನ್ನುವ ಪದ್ಧತಿಗೆ ಸೇರಿಕೊಳ್ಳಬಹುದು. 1996ರಲ್ಲಿ ಜೋಶ್ ಕ್ಲಾರ್ಕ್ ಅನ್ನುವ 25 ವರ್ಷದ ಅಮೆರಿಕದ ಹುಡುಗ, ಐವತ್ತು ದಾಟಿದ ತನ್ನ ಅಮ್ಮನಿಗೆ ಓಟ ಕಲಿಸಲು ಮಾಡಿದ 9 ವಾರಗಳ ಪಟ್ಟಿ ಅದು. ಮೊದಲ ವಾರ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಒಟ್ಟು 20 ನಿಮಿಷ. ಒಂಬತ್ತನೇ ವಾರಕ್ಕೆ ನಿಲ್ಲದೆ 30 ನಿಮಿಷ. ನನಗೆ ಒಂಬತ್ತರ ಬದಲು ಹದಿನಾರು ವಾರ ಹಿಡಿಯಿತು, ಅದರಿಂದ ಏನೂ ನಷ್ಟ ಆಗಲಿಲ್ಲ.

ಬಿಡುವಿನ ದಿನ ಸುಮ್ಮನೆ ನಡೆಯಿರಿ, ಇಲ್ಲವೇ ಸಿದ್ದಗಂಗೆಗೆ ಹೋಗಿ ಬೆಟ್ಟದ ಮೆಟ್ಟಿಲು ಹತ್ತಿ. ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ. ಖುಷಿಯ ಜೊತೆ ಗಂಟು ಹಾಕಿದರೆ ಅಭ್ಯಾಸ ಬೇಗ ಕೂರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರುವ ಮೊದಲೇ ಮುಗಿಸಿಬಿಡಿ.

ಓಟದ ಮಧ್ಯೆಯೇ ಗಾಬರಿ ಬಂದರೆ ನಡಿಗೆಗೆ ಇಳಿಯಿರಿ, ಆದರೆ ತಕ್ಷಣ ಮನೆಗೆ ಓಡಿಬರಬೇಡಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿ. ಬೆಂಚು, ಬೆಳ್ಳಕ್ಕಿ, ಕೆಂಪು ಸ್ವೆಟರ್, ಬೇಲಿ, ಮರ. ಉಸಿರು ಉದ್ದಕ್ಕೆ ಬಿಡಿ. ಸರಿಹೋದ ಮೇಲೆ ಮತ್ತೆ 30 ಸೆಕೆಂಡು ಓಡಿಯೇ ಮನೆಗೆ ಬನ್ನಿ. ಪಕ್ಕೆ ಹಿಡಿದುಕೊಂಡರೆ ನಡೆಯುತ್ತಾ ಆ ಜಾಗವನ್ನು ಬೆರಳಿನಿಂದ ಒತ್ತಿ. ಮೊಣಕಾಲ ಕೆಳಗಿನ ಮೂಳೆ ಸತತವಾಗಿ ನೋಯುತ್ತಿದ್ದರೆ ವಾರ ಬಿಡುವು ಕೊಡಿ.

ಆದರೆ ಎದೆ ಮೇಲೆ ಭಾರ ಕೂತ ಹಾಗಿದ್ದರೆ, ನೋವು ಕೈಗೋ ದವಡೆಗೋ ಹರಡಿದರೆ, ಎಚ್ಚರ ತಪ್ಪಿದರೆ, ಅದನ್ನು ಆತಂಕ ಅಂತ ತಳ್ಳಿಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಓಡುತ್ತಿದ್ದರೂ ನಿದ್ದೆ ಬರುತ್ತಿಲ್ಲ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಓಟದ ಮೇಲೆ ಭಾರ ಹಾಕಿ ಕೂರಬೇಡಿ. 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ಓಟದ ಜೊತೆಗೆ ಕೌನ್ಸೆಲಿಂಗ್‌ಗೂ ಆರು ತಿಂಗಳು ಹೋದೆ. ಎರಡೂ ಬೇಕಿತ್ತು.

ಅಜ್ಜ ಈಗಲೂ ಬರುತ್ತಾರೆ. ಹೋದ ವಾರ ಎದುರಿಗೆ ಸಿಕ್ಕಾಗ "ಇವತ್ತೆಷ್ಟು ಸುತ್ತವ್ವಾ?" ಅಂದರು. "ಇದು ಎರಡನೇದು ಅಜ್ಜ, ಇನ್ನೊಂದು ಸುತ್ತು ಹಾಕಿ ಮನೆಗೆ ಹೋಗ್ತೀನಿ, ಮಗಳಿಗೆ ಬಾಕ್ಸ್ ಕಟ್ಟಬೇಕು" ಅಂದೆ, ಓಟ ನಿಲ್ಲಿಸದೆ.