ಬೆಳಿಗ್ಗೆ ಮಾತ್ರ ಕೈಕೊಡುತ್ತಿದ್ದ ಕಂಪ್ಯೂಟರ್

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಾಳಿ ನದಿ ಸಮುದ್ರ ಸೇರುವ ಜಾಗ ಹತ್ತಿರದಲ್ಲೇ ಇದೆ. ನನ್ನ ಗೇಮಿಂಗ್ ಕಂಪ್ಯೂಟರನ್ನು ಮೂರು ವರ್ಷದ ಹಿಂದೆ ಬಿಡಿಭಾಗ ತರಿಸಿ ನಾನೇ ಜೋಡಿಸಿದ್ದೆ. ಎರಡು ಮಳೆಗಾಲ ಏನೂ ತಕರಾರಿಲ್ಲದೆ ಕಳೆಯಿತು. ಮೂರನೆಯ ಜೂನ್‌ನಲ್ಲಿ ಕ್ರ್ಯಾಶ್ ಶುರುವಾಯಿತು.

ನನ್ನದು ಮಧ್ಯಾಹ್ನದ ಶಿಫ್ಟ್. ಹಾಗಾಗಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಆಟ ಆಡುತ್ತೇನೆ, ರಜೆಯ ದಿನ ರಾತ್ರಿಯೂ ಆಡುತ್ತೇನೆ. ಆಟ ಲೋಡ್ ಆಗಿ ಹತ್ತು ನಿಮಿಷ ಆಗಿರುವುದಿಲ್ಲ, ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಪರದೆ. ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ನಡೆಯುತ್ತದೆ, ಮತ್ತೆ ನೀಲಿ ಪರದೆ. ಕೆಲವೊಮ್ಮೆ ಅದೂ ಇಲ್ಲ, ಸೀದಾ ರೀಸ್ಟಾರ್ಟ್.

ಮೊದಲು ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆಗೆದು ನೋಡಿದೆ. ಕರ್ನಲ್-ಪವರ್ 41 ಅಂತ ಸಾಲುಸಾಲಾಗಿ ಇತ್ತು. ಇದನ್ನು ನೋಡಿದ ಕೂಡಲೇ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಹೋಗಿದೆ ಅಂದುಕೊಳ್ಳುವವರು ಜಾಸ್ತಿ. ನಾನೂ ಹಾಗೇ ಅಂದುಕೊಂಡೆ. ಆದರೆ ಆ ಸಾಲು ಹೇಳುವುದು ಒಂದೇ ಮಾತು: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು. ಯಾಕೆ ನಿಂತಿತು ಅಂತ ಅದಕ್ಕೂ ಗೊತ್ತಿರುವುದಿಲ್ಲ. ನೀಲಿ ಪರದೆಯ ಸಂದೇಶ ಇದಕ್ಕಿಂತ ಉಪಯೋಗಕ್ಕೆ ಬಂತು. ಒಂದು ದಿನ ಮೆಮೊರಿ ಮ್ಯಾನೇಜ್‌ಮೆಂಟ್, ಮರುದಿನ ಪೇಜ್ ಫಾಲ್ಟ್, ಅದರ ಮರುದಿನ ಇನ್ನೊಂದು. ಒಂದೇ ಡ್ರೈವರ್ (ಬಿಡಿಭಾಗವನ್ನು ನಡೆಸುವ ಸಾಫ್ಟ್‌ವೇರ್) ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಸಂದೇಶ, ಅದೇ ಫೈಲಿನ ಹೆಸರು ಮತ್ತೆ ಮತ್ತೆ ಬರುತ್ತದೆ. ದಿನಕ್ಕೊಂದು ಬಂದರೆ ಮೊದಲು ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ, ಅಂದರೆ ರ್‍ಯಾಮ್ ಮೇಲೆ ಅನುಮಾನ ಪಡಬೇಕು.

ಇಷ್ಟು ಗೊತ್ತಿದ್ದೂ ನಾನು ಎರಡು ವಾರ ಸುಮ್ನೆ ಕಳೆದೆ. ಗ್ರಾಫಿಕ್ಸ್ ಡ್ರೈವರ್ ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ವಿಂಡೋಸನ್ನೇ ಹೊಸದಾಗಿ ಹಾಕಿದೆ. ಬಿಸಿ ನೋಡಿದೆ: ಪ್ರೊಸೆಸರ್ 68 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 74, ಎರಡೂ ಹೆದರುವಂಥದ್ದಲ್ಲ. ವೋಲ್ಟೇಜ್ ಏರಿಳಿತ ಇರಬಹುದು ಅಂತ ಯುಪಿಎಸ್ ತಂದೆ. ಯುಪಿಎಸ್ ಶಾಂತವಾಗಿ ಕೂತಿತ್ತು, ಕಂಪ್ಯೂಟರ್ ಮಾತ್ರ ಬೀಳುತ್ತಲೇ ಇತ್ತು.

ಈ ನಡುವೆ ಇನ್ನೊಂದು ವಿಷಯ ಕಂಡಿತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟರೆ ಕ್ಯಾಬಿನೆಟ್ಟಿಗೂ ನೆಲಕ್ಕೂ ನಡುವೆ 110 ವೋಲ್ಟ್. ಅರ್ಥಿಂಗ್ ತಂತಿ ಗುಂಡಿಯ ಹತ್ತಿರವೇ ತುಕ್ಕು ಹಿಡಿದು ಕಡಿದಿತ್ತು. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಲೈನಿನ ಸುಮಾರು ಅರ್ಧ ವೋಲ್ಟೇಜ್ ಕ್ಯಾಬಿನೆಟ್ಟಿಗೆ ಬರುತ್ತದೆ. ಹಳೆ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ಹಾಕಿಸಿ ಹೊಸ ಪೈಪ್ ಇಳಿಸಿದೆವು. ಕ್ರ್ಯಾಶ್ ನಿಲ್ಲಲಿಲ್ಲ. ಆದರೂ ಆ ಖರ್ಚಿನ ಬಗ್ಗೆ ನನಗೆ ಬೇಸರವಿಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ.

ನಂತರ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿದೆ. ರಜೆಯ ದಿನ ರಾತ್ರಿ ಮೂರು ತಾಸು ಆಟ ಆಡಿ, ಮಲಗುವ ಮೊದಲು ಟೆಸ್ಟ್ ಶುರು ಮಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಸುತ್ತು ಮುಗಿದಿತ್ತು, ಒಂದೂ ತಪ್ಪಿಲ್ಲ. ರ್‍ಯಾಮ್ ಚೆನ್ನಾಗಿದೆ ಅಂತ ನಿರ್ಧರಿಸಿಬಿಟ್ಟೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ಈ ಟೆಸ್ಟ್. ಕೊನೆಗೆ ಒಂದು ರಿಪೇರಿ ಅಂಗಡಿಗೆ ಒಯ್ದುಕೊಟ್ಟೆ. ಅವರ ಎಸಿ ಕೋಣೆಯಲ್ಲಿ ಎರಡು ದಿನ ಒಂದೇ ಸಮನೆ ಓಡಿತು. ‘ಇಲ್ಲಿ ಏನೂ ಆಗ್ತಿಲ್ಲ, ಆದ್ರೂ ಮದರ್‌ಬೋರ್ಡ್ ಬದಲಿಸೋದು ಒಳ್ಳೇದು’ ಅಂದರು. ಬೇಡ ಅಂತ ವಾಪಸ್ ತಂದೆ. ಮರುದಿನ ಬೆಳಿಗ್ಗೆ ಏಳೂಕಾಲಿಗೆ ನೀಲಿ ಪರದೆ.

ಅವತ್ತು ಒಂದು ನೋಟ್‌ಬುಕ್ ತೆಗೆದೆ. ಎಷ್ಟು ಗಂಟೆಗೆ ಹಾಕಿದೆ, ಎಷ್ಟು ನಿಮಿಷಕ್ಕೆ ಬಿತ್ತು, ಹೊರಗೆ ಮಳೆಯೋ ಬಿಸಿಲೋ, ಎಲ್ಲ ಬರೆದೆ. ಎರಡು ವಾರದಲ್ಲಿ 23 ಸಲ ಬಿದ್ದಿತ್ತು. ಅದರಲ್ಲಿ 19 ಸಲ ರಾತ್ರಿಯೆಲ್ಲ ಆಫ್ ಇದ್ದು ಬೆಳಿಗ್ಗೆ ಹಾಕಿದ ಮೊದಲ ಅರ್ಧ ಗಂಟೆಯೊಳಗೆ. ನಡುವೆ ಮೂರು ದಿನ ಒಳ್ಳೆ ಬಿಸಿಲು ಬಂದಿತ್ತು, ಆ ಮೂರು ದಿನ ಒಂದು ಸಲವೂ ಬಿದ್ದಿಲ್ಲ.

ಅಂದರೆ ಕಂಪ್ಯೂಟರ್ ತಣ್ಣಗಿದ್ದಾಗ ತೊಂದರೆ, ಬಿಸಿಯಾದ ಮೇಲೆ ಸರಿ. ಬಿಸಿ ಏರಿದಾಗ ಕೆಡುವುದನ್ನು ಎಷ್ಟೋ ನೋಡಿದ್ದೆ, ಇದು ಅದರ ಉಲ್ಟಾ. ಹಾಗಾದರೆ ಟೆಸ್ಟನ್ನೂ ತಣ್ಣಗಿದ್ದಾಗಲೇ ಮಾಡಬೇಕಲ್ವಾ? ಜೋರು ಮಳೆಯ ಒಂದು ಬೆಳಿಗ್ಗೆ, ವಿಂಡೋಸ್ ಹಾಕುವ ಮೊದಲೇ ಮೆಮ್‌ಟೆಸ್ಟ್ ಓಡಿಸಿದೆ. ಆರನೇ ನಿಮಿಷಕ್ಕೆ ಕೆಂಪು ಸಾಲುಗಳು ಬಂದವು.

ಎರಡು ರ್‍ಯಾಮ್ ಪಟ್ಟಿಗಳನ್ನು ಅದಲುಬದಲು ಮಾಡಿ ಹಾಕಿ, ದಿನಕ್ಕೊಂದೇ ಪರೀಕ್ಷೆ, ಬೆಳಿಗ್ಗೆಯೇ ಮಾಡಿದೆ. ಯಾವ ಪಟ್ಟಿ ಹಾಕಿದರೂ ಬೋರ್ಡಿನ ಅಂಚಿನ ಸ್ಲಾಟಿನಲ್ಲಿ (ಪಟ್ಟಿ ಕೂರಿಸುವ ಸಂದಿನಲ್ಲಿ) ತಪ್ಪು, ಅದೇ ಪಟ್ಟಿ ಒಳಗಿನ ಸ್ಲಾಟಿನಲ್ಲಿ ಸರಿ. ಎಕ್ಸ್‌ಎಂಪಿ (ಮೆಮೊರಿಯ ವೇಗ ಏರಿಸುವ ಸೆಟ್ಟಿಂಗ್) ತೆಗೆದು ವೇಗವನ್ನು 3200ರಿಂದ 2133ಕ್ಕೆ ಇಳಿಸಿದರೆ ತಪ್ಪು ಕಡಿಮೆಯಾಗುತ್ತಿತ್ತು, ಆದರೆ ಪೂರ್ತಿ ಹೋಗುತ್ತಿರಲಿಲ್ಲ. ರ್‍ಯಾಮ್ ಗಟ್ಟಿ, ಸ್ಲಾಟ್ ಕೆಟ್ಟಿದೆ ಅಂತ ಆಗ ಗೊತ್ತಾಯಿತು. ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಸ್ಲಾಟಿನ ಬಾಯಲ್ಲಿ ಬಿಳಿ ಪುಡಿ, ಎರಡು ಮೂರು ಪಿನ್ನುಗಳ ಬುಡದಲ್ಲಿ ತಾಮ್ರದ ಪಾತ್ರೆಗೆ ಹಿಡಿಯುವ ಕಿಲುಬಿನಂಥ ಹಸಿರು.

ಕಳೆದ ಚಳಿಗಾಲದಲ್ಲಿ ನಾನು ಮೇಜನ್ನು ಪಶ್ಚಿಮದ ಕಿಟಕಿಯ ಪಕ್ಕಕ್ಕೆ ಸರಿಸಿದ್ದೆ, ಗಾಳಿ ಬರುತ್ತದೆ ಅಂತ. ಕ್ಯಾಬಿನೆಟ್ಟಿನ ಮುಂದಿನ ಫ್ಯಾನ್ ಕಿಟಕಿಗೆ ಎದುರಾಗಿ ಕೂತಿತ್ತು. ಆರು ತಿಂಗಳು ಸಮುದ್ರದ ಗಾಳಿಯನ್ನು ಎಳೆದು ಬೋರ್ಡಿನ ಮೇಲೆ ಉಪ್ಪು ಕೂರಿಸಿದೆ. ಅದೇ ಕಿಟಕಿಯ ಸರಳು ಪ್ರತಿ ವರ್ಷ ತುಕ್ಕು ಹಿಡಿಯುವುದನ್ನು ನೋಡುತ್ತಲೇ ಇದ್ದೇನೆ, ಕಂಪ್ಯೂಟರಿಗೂ ಹಾಗಾಗಬಹುದು ಅಂತ ಹೊಳೆದಿರಲಿಲ್ಲ.

ಬೆಳಿಗ್ಗೆ ಮಾತ್ರ ಯಾಕೆ ಅನ್ನುವುದಕ್ಕೆ ಉತ್ತರ ಅಡುಗೆಮನೆಯಲ್ಲಿತ್ತು. ಸಾಣಿಕಟ್ಟಾದ ಕಲ್ಲುಪ್ಪನ್ನು ಅಮ್ಮ ಭರಣಿಯಲ್ಲಿಡುತ್ತಾರೆ. ಮಳೆಗಾಲದಲ್ಲಿ ಅದು ನೀರು ಬಿಡುತ್ತದೆ, ಅದಕ್ಕೇ ಆ ನಾಲ್ಕು ತಿಂಗಳು ಭರಣಿ ಒಲೆಯ ಪಕ್ಕಕ್ಕೆ ಬರುತ್ತದೆ. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ನೀರನ್ನು ಹೀರಿ ಕರಗಲು ಶುರುವಾಗುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಪಿನ್ನನ್ನೂ ತಿನ್ನುತ್ತದೆ. ಒಂದು ಸಣ್ಣ ತೇವಾಂಶ ಮಾಪಕ ತಂದು ಮೇಜಿನ ಮೇಲಿಟ್ಟೆ. ಬೆಳಿಗ್ಗೆ 27 ಡಿಗ್ರಿ, ಶೇ 88. ಅದೇ ಗಾಳಿ ಕ್ಯಾಬಿನೆಟ್ಟಿನೊಳಗೆ ಹತ್ತು ಡಿಗ್ರಿ ಬಿಸಿಯಾದರೆ ತೇವಾಂಶ ಶೇ 50ರ ಹತ್ತಿರಕ್ಕೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಉಪ್ಪು ಒಣಗುತ್ತಿತ್ತು, ಕಂಪ್ಯೂಟರ್ ಸರಿಯಾಗುತ್ತಿತ್ತು. ಅಂಗಡಿಯ ಎಸಿ ಕೋಣೆಯಲ್ಲಿ ಯಾಕೆ ಬೀಳಲಿಲ್ಲ, ರಾತ್ರಿಯ ಟೆಸ್ಟ್ ಯಾಕೆ ಪಾಸಾಯಿತು, ಎಲ್ಲ ಒಂದಕ್ಕೊಂದು ಕೂಡಿಕೊಂಡವು.

ತೊಳೆಯುವುದಕ್ಕೆ ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ತಂದೆ, ಶೇ 99ರದ್ದು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಬೋರ್ಡನ್ನು ಪೂರ್ತಿ ಹೊರಗೆ ತೆಗೆದೆ. ಉಪ್ಪು ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಅದಕ್ಕೆ ಸ್ಲಾಟಿನ ಜಾಗಕ್ಕೆ ಮಾತ್ರ ಮೊದಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಎರಡು ಹನಿ ಬ್ರಷ್‌ನಲ್ಲಿ ಹಚ್ಚಿ ಉಜ್ಜಿದೆ, ಬೋರ್ಡಿನ ಸಣ್ಣ ಬ್ಯಾಟರಿಯನ್ನೂ ತೆಗೆದಿದ್ದೆ. ಆಮೇಲೆ ಆಲ್ಕೋಹಾಲಿನಿಂದ ಮೂರು ಸಲ ತೊಳೆದು ಎರಡು ದಿನ ಫ್ಯಾನ್ ಕೆಳಗೆ ಒಣಗಿಸಿದೆ. ರ್‍ಯಾಮ್ ಪಟ್ಟಿಯ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಬಹಳ ಜನರಿಗಿದೆ. ಆ ಚಿನ್ನದ ಪದರ ತುಂಬ ತೆಳು, ಉಜ್ಜಿ ಉಜ್ಜಿ ತೆಗೆದರೆ ತುಕ್ಕು ಇನ್ನೂ ಬೇಗ ಬರುತ್ತದೆ. ಮೆತ್ತನೆ ಬಟ್ಟೆ, ಆಲ್ಕೋಹಾಲ್ ಸಾಕು. ಎಸ್‌ಎಂಪಿಎಸ್ಸನ್ನು ಮಾತ್ರ ಬಿಚ್ಚಲಿಲ್ಲ, ನೀವೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಮರುಜೋಡಣೆ ಮಾಡಿ, ಮಳೆಯ ಬೆಳಿಗ್ಗೆಯೇ ಮೆಮ್‌ಟೆಸ್ಟ್ ಹಾಕಿದೆ. ನಾಲ್ಕು ಸುತ್ತು, ತಪ್ಪಿಲ್ಲ. ಎಕ್ಸ್‌ಎಂಪಿ ಮತ್ತೆ 3200ಕ್ಕೆ ಏರಿಸಿ ಇನ್ನೊಂದು ದಿನ ಹಾಕಿದೆ. ಅದೂ ಪಾಸು.

ಈಗ ಮೇಜು ಒಳಗೋಡೆಗೆ ಹೋಗಿದೆ. ಫ್ಯಾನಿನ ಮುಂದೆ ತೆಳು ಜಾಲರಿ ಇದೆ, ತಿಂಗಳಿಗೊಮ್ಮೆ ತೊಳೆದು ಒಣಗಿಸಿ ಹಾಕುತ್ತೇನೆ. ಮಳೆಗಾಲದಲ್ಲಿ ಆಟ ಇಲ್ಲದ ದಿನವೂ ಒಂದು ಗಂಟೆ ಕಂಪ್ಯೂಟರ್ ಹಾಕಿಡುತ್ತೇನೆ. ನಾನು ಊರಲ್ಲಿಲ್ಲದಿದ್ದರೆ ಅಮ್ಮ ಹಾಕುತ್ತಾರೆ, ಬಟನ್ ಯಾವುದು ಅಂತ ತೋರಿಸಿಕೊಟ್ಟಿದ್ದೇನೆ. ನೋಟ್‌ಬುಕ್ ಇನ್ನೂ ಮೇಜಿನ ಮೇಲಿದೆ. ಕೊನೆಯ ಸಾಲು ಜುಲೈ 19ರದ್ದು.